ಕತ್ತಿನ ಅಳತೆ

"ಕತ್ತು ಉಳಿಸೋಣವಾ, ತೆಗೆದುಬಿಡೋಣವಾ?" ಅಂದರು ಡಾಕ್ಟರಮ್ಮ.
ಶ್ರೀರಾಮಪುರದ ಐದನೇ ಕ್ರಾಸಿನಲ್ಲಿ ಇಪ್ಪತ್ತಾರು ವರ್ಷ
ಇದನ್ನೇ ಬಂದವರಿಗೆಲ್ಲ ಕೇಳುತ್ತ ಕೂತವಳು ನಾನು:
ಕತ್ತು ಎಷ್ಟು ಆಳ, ಬೋಟ್ ಇಡಲಾ, ಪಾಟ್ ಇಡಲಾ,
ಬೆನ್ನಿಗೆ ದಾರವೋ, ಬರೀ ಕೊಕ್ಕೆಯೋ.
ನಗು ಬಂತು. ಅವರಿಗೆ ಅರ್ಥವಾಗಲಿಲ್ಲ.

ಗರ್ಭಕ್ಕೂ ಒಂದು ಕತ್ತಿದೆ ಎಂದು
ಎರಡು ಹೆತ್ತು, ಐವತ್ತಕ್ಕೆ ಮೂರು ಕಡಿಮೆ ಇರುವಾಗ ತಿಳಿಯಿತು.
ರಸೀದಿಯ ಬೆನ್ನಿಗೆ ಬರೆದು ತೋರಿಸಿದರು,
ಬೋರಲು ಹಾಕಿದ ಹೂಜಿ. ಒಳಗೆ ನನ್ನ ಗಡ್ಡೆಗಳು:
ಒಂದು ನಿಂಬೆ, ಒಂದು ಮೂಸಂಬಿ,
ಮೂರನೆಯದಕ್ಕೆ ಹಣ್ಣು ಹುಡುಕಿ ಸುಮ್ಮನಾದರು.

ಹೂಜಿ ತೆಗೆದು ಕತ್ತು ಬಿಡಬಹುದಂತೆ.
ಕತ್ತಿನ ಸಮೇತವೂ ಆಗಬಹುದಂತೆ.
ಹೊಟ್ಟೆ ಕೊಯ್ದು, ಇಲ್ಲಾ ಸಣ್ಣ ತೂತು ಹಾಕಿ,
ಇಲ್ಲಾ ಕೆಳಗಿನ ದಾರಿಯಲ್ಲೇ,
ಕೂಸು ಬಂದ ಕಡೆಯಿಂದ ತೊಟ್ಟಿಲೂ ಈಚೆಗೆ ಬರುವ ಹಾಗೆ.

"ಕತ್ತಿದ್ದರೆ ಉಚ್ಚೆ ಹಿಡಿತದಲ್ಲಿರತ್ತೆ, ಗಂಡನ ಜೊತೆಗೂ ಸರಿಯಿರತ್ತೆ":
ಇದು ಮರಗದಂ ಮಾತು. ಅವಳಿಗೆ ಅವಳ ನಾದಿನಿ ಹೇಳಿದ್ದು.
ಕೇಳಿಯೇ ಬಿಟ್ಟೆ. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು.
"ಹಿಂದೆ ನಾವೂ ಹಾಗೇ ನಂಬಿದ್ದೆವು.
ಎರಡೂ ಥರದವರನ್ನು ವರ್ಷಗಟ್ಟಲೆ ವಿಚಾರಿಸಿ ನೋಡಿದರೆ
ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.
ಉಳಿಸಿದರೆ ತಿಂಗಳಿಗೊಮ್ಮೆ ನಾಲ್ಕು ಹನಿ ಕಂಡೀತು,
ಕತ್ತಿನ ಪರೀಕ್ಷೆ ತಪ್ಪೋದಿಲ್ಲ. ಅಷ್ಟೇ."

ಅಷ್ಟೇ ಅನ್ನೋದು ಒಂದು ಅಳತೆಯಾ?
ಅಸ್ತರು ಕಿತ್ತ ರವಿಕೆ ನೋಡುವವರಿಗೆ ಅದೇ ರವಿಕೆ.
ಎಲ್ಲಿ ಜಗ್ಗುತ್ತದೆಂದು ತೊಟ್ಟವಳಿಗೆ ಗೊತ್ತು.

ರಾತ್ರಿ ವಾರ್ಡಿನ ದೀಪ ಆರಿದ ಮೇಲೆ ಬಾಯಿಗಳು ಬಿಚ್ಚುತ್ತವೆ.
"ನಿಂದು ಮೇಲಿಂದನಾ, ಕೆಳಗಿಂದನಾ?"
ದಿಲ್ಶಾದ್ ಬಿಯದು ಕೆಳಗಿಂದ. ಜಾರಿ ಇಳಿದಿತ್ತು,
ಹನ್ನೊಂದು ವರ್ಷ ಬಟ್ಟೆ ಸುತ್ತಿ ಒಳಗೆ ತಳ್ಳಿಕೊಂಡು
ಊದುಬತ್ತಿ ಹೊಸೆದಳು, ಒಂದೇ ತೊಡೆ ಊರಿ ಕೂತು.
"ಈಗ ಕೂತರೆ ಕೂತ ಹಾಗಿದೆ" ಎಂದು ಕತ್ತಲಲ್ಲೇ ಅತ್ತಳು.
ಚೌಡಮ್ಮ ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಹೊರುವವಳು,
ಅವಳದು ಹೊಟ್ಟೆ ಕೊಯ್ದದ್ದು. ಬೆಳಗ್ಗೆ ಹೊಲಿಗೆ ನೋಡಿದೆ:
ಕೈ ಚೆನ್ನಾಗಿದೆ, ಬಲತುದಿಯಲ್ಲಿ ಮಾತ್ರ ಸುಕ್ಕು.
ಮರಗದಂ ಕೆಮ್ಮಿದರೆ ಸೀರೆ ಒದ್ದೆ.
ಅದು ಆಪರೇಷನ್ನಿಂದ ಆದದ್ದಲ್ಲ, ಮೂರನೇ ಹೆರಿಗೆಯದು.
ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ನಾನು ತೆಗೆದುಬಿಡಿ ಎಂದೆ. ತೂತು ಹಾಕಿ, ಕತ್ತಿನ ಸಮೇತ.
ಉಳಿದ ತುಂಡುಬಟ್ಟೆ ಎತ್ತಿಟ್ಟು ನಾನು ಯಾವತ್ತೂ ಏನೂ ಹೊಲಿದವಳಲ್ಲ.

ಆಮೇಲೆ? ಓಕಳೀಪುರದ ಹಂಪಿನ ಮೇಲೆ ಆಟೋ ಹಾರಿದಾಗ
ಉಸಿರು ಬಿಗಿಹಿಡಿದದ್ದುಂಟು. ಮೊದಲ ಒಂದು ತಿಂಗಳು
ಎಷ್ಟು ಹೊತ್ತು ಕೂತರೂ ಇನ್ನೂ ಉಳಿದಿದೆ ಅನ್ನಿಸೋದು.
ವ್ಯಾಯಾಮ ಕಲಿಸುವ ಹುಡುಗಿ ಹೇಳಿಕೊಟ್ಟಳು:
ಉಚ್ಚೆ ತಡೆಯುವ ಹಾಗೆ ಒಳಗೊಳಗೇ ಬಿಗಿ, ಹತ್ತು ಎಣಿಸು, ಬಿಡು.
ನಾನು ಕೊಕ್ಕೆಯಲ್ಲಿ ಎಣಿಸುತ್ತೇನೆ. ಒಂದು ಕೊಕ್ಕೆ ಹಾಕುವಷ್ಟು ಬಿಗಿ,
ದಾರ ಕಚ್ಚುವಾಗ ಬಿಡು.
ಎದುರು ಕೂತ ಗಿರಾಕಿಗೆ ಏನೂ ಕಾಣುವುದಿಲ್ಲ.

ನಾಲ್ಕನೇ ತಿಂಗಳು ಒಂದು ರಾತ್ರಿ
ರಂಗಶಾಮಯ್ಯ ಮೆತ್ತಗೆ ಕೇಳಿದ, "ನೋಯತ್ತಾ?"
ಮದುವೆಯಾಗಿ ಇಪ್ಪತ್ತೆಂಟು ವರ್ಷ. ಇದೇ ಮೊದಲು.
ಏನು ಹೇಳಬೇಕೋ ತಿಳಿಯದೆ
ಫ್ಯಾನು ಜೋರು ಮಾಡು ಅಂದೆ.

ಮೊನ್ನೆ ಶೇಷಾದ್ರಿಪುರದ ಮೇಷ್ಟರಮ್ಮ ಬಂದರು,
ತೊಳೆದ ರೇಷ್ಮೆ ತುಂಡು, ಮಗಳ ನಿಶ್ಚಿತಾರ್ಥಕ್ಕೆ.
ಟೇಪು ಸೊಂಟಕ್ಕೆ ಸುತ್ತುವಾಗ ಸೀನಿದರು,
ಸೀನುವ ಮುಂಚೆಯೇ ಕಾಲು ಕತ್ತರಿಯಾಯಿತು.
ಗೊತ್ತಾಗದವಳ ಹಾಗೆ ಮೂವತ್ತಾರೂವರೆ ಎಂದು ಬರೆದೆ.
"ಕತ್ತು ಎಷ್ಟಿಡ್ತೀಯಮ್ಮಾ?" ಅಂದರು.
ಕತ್ತಿರಲಿ, ಮೊದಲು ಕೂತ್ಕೊಳ್ಳಿ ಎಂದು
ಬಾಗಿಲ ಪರದೆ ಎಳೆದೆ.